ಸತ್ತಾಗಲೆಲ್ಲ ಎಬ್ಬಿಸಿದವರು

ಯಾವ ರೈಡರ್ ಎಷ್ಟು ತೂಕದವನು ಎಂದು ತೀರ್ಮಾನಿಸುವ ಹೈಕೋರ್ಟು ಶಿರಹಟ್ಟಿಯ ಒಂದು ಚಹಾದಂಗಡಿಯಲ್ಲಿದೆ. 2024ರ ಪ್ರೊ ಕಬಡ್ಡಿಯಲ್ಲಿ ಬೆಂಗಳೂರು ಬುಲ್ಸ್ ಹನ್ನೆರಡು ತಂಡಗಳ ಪಟ್ಟಿಯಲ್ಲಿ ಹನ್ನೆರಡನೆಯದಾಗಿ ಹೋಗಿ ಕೂತಾಗ, ಅರ್ಧ ಕಪ್ ಚಹಾ ಆರುವುದರೊಳಗೆ ಆ ಕೋರ್ಟು ತೀರ್ಪು ಕೊಟ್ಟಿತು. "ಪರ್ದೀಪ್ ನರ್ವಾಲ್ ಮುಗದಾನ. ಕಾಲಾಗ ದಮ್ ಇಲ್ಲ."

ನಾನು ಬಿಡಲಿಲ್ಲ. ಬಸಿ ಕೆಳಗಿಟ್ಟು ವಾದಕ್ಕೆ ನಿಂತೆ. ಇದೇ ಪರ್ದೀಪ್ 2015ರಲ್ಲಿ ಇದೇ ಬೆಂಗಳೂರು ತಂಡದಲ್ಲಿದ್ದಾಗ ನಿಮ್ಮಲ್ಲಿ ಒಬ್ಬರಾದರೂ ಅವನ ಹೆಸರು ಕೇಳಿದ್ದಿರಾ? ಪಾಟ್ನಾಕ್ಕೆ ಹೋದ. ಪಾಟ್ನಾ ಪೈರೇಟ್ಸ್ ಒಂದರ ಹಿಂದೊಂದು ಮೂರು ಸಲ ಕಪ್ ಎತ್ತಿತು. 2017ರಲ್ಲಿ ಒಂದೇ ಆವೃತ್ತಿಗೆ 369 ರೈಡ್ ಪಾಯಿಂಟ್ ತಂದ. ನೀವೆಲ್ಲ ‘ಡುಬ್ಕಿ ಕಿಂಗ್’ ಅಂತ ಮೊಬೈಲಿಗೆ ಅವನ ಫೋಟೋ ಹಾಕಿಕೊಂಡಿರಿ. ಮತ್ತೆ ಬೆಂಗಳೂರಿಗೆ ಬಂದ, ಮುಗಿದವನಾದ. ವಯಸ್ಸಾಗಿದೆ, ಒಪ್ಪೋಣ. ಆದರೆ ಪಾಟ್ನಾದಲ್ಲಿ ಅವನ ಬೆನ್ನಿಗೆ ಯಾರು ನಿಂತಿದ್ದರು, ಇಲ್ಲಿ ಯಾರು ನಿಂತಿದ್ದಾರೆ ಅಂತ ನೋಡುವುದು ಬೇಡವೇ?

ಕೋರ್ಟು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಎರಡನೇ ಸಾಕ್ಷಿ ಕರೆದೆ. ಪವನ್ ಸೆಹ್ರಾವತ್. 2019ರ ಜನವರಿ 5ರ ಫೈನಲ್‌ನಲ್ಲಿ ಒಬ್ಬನೇ 22 ಪಾಯಿಂಟ್ ತಂದು ಬುಲ್ಸ್‌ಗೆ ಕಪ್ ಗೆದ್ದುಕೊಟ್ಟವನು. ಅವನನ್ನು ಹತ್ತನೇ ಆವೃತ್ತಿಗೆ ತೆಲುಗು ಟೈಟನ್ಸ್ 2 ಕೋಟಿ 60 ಲಕ್ಷಕ್ಕೂ ಮೇಲೆ ಸುರಿದು ಕೊಂಡುಕೊಂಡಿತು. ಕೊಟ್ಟ ರೊಕ್ಕಕ್ಕೆ ಅವನು ಮೋಸ ಮಾಡಲಿಲ್ಲ, 200 ರೈಡ್ ಪಾಯಿಂಟ್ ದಾಟಿಸಿದ. ತಂಡ ಕಟ್ಟಕಡೆಗೆ ಬಂತು. ಆ ಸಲ ಕಪ್ ಒಯ್ದದ್ದು ನಮ್ಮ ಕರ್ನಾಟಕದ ಬಿ.ಸಿ. ರಮೇಶ್ ತರಬೇತಿಯ ಪುಣೇರಿ ಪಲ್ಟನ್. ಅಲ್ಲಿ ಮೆರೆದವನು ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿ, 99 ಟ್ಯಾಕಲ್ ಪಾಯಿಂಟ್. ಓಡಿ ಮುಟ್ಟಿ ಬರುವವನಲ್ಲ, ಬಂದವನನ್ನು ಹಿಡಿದು ಕೆಡವುವವನು.

ಅಂಗಡಿಯವ ಸ್ಟವ್ ಸಣ್ಣ ಮಾಡಿ ನಕ್ಕ. "ಸರ, ಮಾತು ಖರೇ ಐತಿ. ಆದ್ರ ನೀವು ಪರ್ದೀಪನ ಕೇಸ್ ನಡಸಾಕತ್ತಿಲ್ಲ, ನಿಮ್ಮ ಕೇಸ್ ನಡಸಾಕತ್ತೀರಿ." ಕೋರ್ಟಿಗೆ ಕೋರ್ಟೇ ನಕ್ಕಿತು. ಅವರಲ್ಲಿ ವಯಸ್ಸಾದವರೆಲ್ಲ ನನ್ನ ಆಟ ನೋಡಿದವರು. ಹೊಸಬರಿಗಾಗಿ ಆ ಕೇಸಿನ ಕಾಗದಪತ್ರ ಇಲ್ಲಿ ಬಿಚ್ಚಿಡುತ್ತೇನೆ.

ಗದಗ ಇನ್ನೂ ಧಾರವಾಡ ಜಿಲ್ಲೆಯೊಳಗೇ ಇದ್ದ ಕಾಲ. ಸುತ್ತಲಿನ ಊರುಗಳ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳಲ್ಲಿ ನನ್ನನ್ನು ‘ಚಿಗರಿ’ ಅನ್ನುತ್ತಿದ್ದರು. ಮೈಕಿನವನು "ಈಗ ದಾಳಿಗೆ ಬರಾಕತ್ತಾರ ಶಿರಹಟ್ಟಿ ಚಿಗರಿ" ಅಂದರೆ ಮಿರ್ಚಿ ಕರಿಯುವವನು ಸಹ ಝಾರಿ ಎತ್ತಿ ಹಿಡಿದು ನೋಡುತ್ತಿದ್ದ. ನನಗೋ, ಆ ಹೆಸರು ನನ್ನ ಕಾಲಿಗೆ ಬಂದದ್ದು ಅನ್ನುವುದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ.

ಆಟ ನೋಡದವರಿಗೆ ಒಂದು ಮಾತು ಹೇಳಬೇಕು. ನಮ್ಮ ಕಡೆ ಹುಡುಗರು ಔಟಾದವನನ್ನು ಸತ್ತ ಅನ್ನುತ್ತಾರೆ. ಸತ್ತವನು ಗೆರೆಯಾಚೆ ಹೋಗಿ ಕೂರಬೇಕು. ತನ್ನವರು ಎದುರಿನವರಲ್ಲಿ ಒಬ್ಬನನ್ನು ಸಾಯಿಸಿದರೆ ಇತ್ತ ಒಬ್ಬ ಎದ್ದು ಬರುತ್ತಾನೆ, ಮೊದಲು ಸತ್ತವನು ಮೊದಲು. ತಂಡಕ್ಕೆ ತಂಡವೇ ಸತ್ತರೆ ಅದು ಲೋನಾ. ಕೂತವನು ಎಂಥ ಶೂರನೇ ಆಗಿರಲಿ, ತನ್ನನ್ನು ತಾನು ಎಬ್ಬಿಸಿಕೊಳ್ಳುವ ವಿದ್ಯೆ ಈ ಆಟದಲ್ಲಿ ಯಾರಿಗೂ ಇಲ್ಲ.

ನನ್ನನ್ನು ಎಬ್ಬಿಸುತ್ತಿದ್ದವರು ಇಬ್ಬರು. ಬಲ ಕಾರ್ನರ್‌ನಲ್ಲಿ ಒಬ್ಬ ಹಮಾಲ, ಎಡ ಕಾರ್ನರ್‌ನಲ್ಲಿ ಒಬ್ಬ ಕಮ್ಮಾರ. ಇಬ್ಬರೂ ನನಗಿಂತ ದೊಡ್ಡವರು, ಹಾಗಾಗಿ ಹಮಾಲಣ್ಣ, ಕಮ್ಮಾರಣ್ಣ. ಹಮಾಲಣ್ಣ ಶೇಂಗಾ ಚೀಲ ಎತ್ತಿ ಎತ್ತಿ ಬಲಗೈ ಹೆಬ್ಬೆರಳು ಹೊರಕ್ಕೆ ತಿರುಗಿತ್ತು, ಉಗುರು ಅಡ್ಡಡ್ಡ ಬೆಳೆದಿತ್ತು. ರೈಡರ್ ಒಳಗೆ ಬಂದರೆ ಎಲ್ಲರೂ ಅವನ ಮುಖ ನೋಡುವರು. ಇವನು ಮೊಣಕಾಲು ಮಡಚಿ, ನೆಲಕ್ಕೆ ಕಣ್ಣು ನೆಟ್ಟು ನಿಲ್ಲುವನು. "ಮಾರಿ ನೋಡಬ್ಯಾಡ, ಮಾರಿ ಸುಳ್ಳು ಹೇಳತೈತಿ. ಹಿಮ್ಮಡ ನೋಡು" ಅನ್ನುವುದು ಅವನ ಶಾಸ್ತ್ರ. ರೈಡರನ ಭಾರ ಹಿಂದಿನ ಕಾಲಿಗೆ ಬೀಳುವ ಆ ಅರೆಗಳಿಗೆಯಲ್ಲಿ ಮುಂದಿನ ಕಾಲು ಹಗುರಾಗುತ್ತದೆ. ಅಷ್ಟರೊಳಗೆ ಎರಡೂ ಕೈ ಹರಡಿನ ಮೇಲೆ ಬೀಗ ಹಾಕಿರುತ್ತಿದ್ದವು. ಒದೆ ಬೀಳದಂತೆ ತಲೆ ಓರೆ ಮಾಡಿ, ಕಾಲನ್ನು ಎದೆಗೆಳೆದುಕೊಂಡು ಮಲಗಿಬಿಡುತ್ತಿದ್ದ. ಅವನು ಹಿಡಿದ ಮೇಲೆ ಕಮ್ಮಾರಣ್ಣ ಬಂದು ಸೊಂಟಕ್ಕೆ ಗುದ್ದುವುದು ಬರೀ ರಶೀದಿಗೆ ಸಹಿ ಹಾಕಿದ ಹಾಗೆ.

ನನ್ನ ವೈಭವ ನಡೆಯುತ್ತಿದ್ದದ್ದು ಹೀಗೆ. ಆಟ ಶುರುವಾದ ಕೂಡಲೇ ಭರ್ರನೆ ಹೋಗುತ್ತಿದ್ದೆ, ಸಾಯುತ್ತಿದ್ದೆ, ಬಂದು ಕೂತು ನೀರು ಕುಡಿಯುತ್ತಿದ್ದೆ. ಹಮಾಲಣ್ಣ ಒಬ್ಬನನ್ನು ಹಿಡಿದು ನನ್ನನ್ನು ಎಬ್ಬಿಸುತ್ತಿದ್ದ. ಮತ್ತೆ ಹೋಗಿ ಸಾಯುತ್ತಿದ್ದೆ. ಮತ್ತೆ ಎಬ್ಬಿಸುತ್ತಿದ್ದ. ಹೀಗೆ ಅವರು ಹಿಡಿಯುತ್ತ ಹಿಡಿಯುತ್ತ ಎದುರಿಗೆ ಇಬ್ಬರೋ ಮೂವರೋ, ಅದೂ ದಣಿದು ಏದುಸಿರು ಬಿಡುವವರು, ಉಳಿದಿರುತ್ತಿದ್ದರು. ಆಗ ಅಷ್ಟಗಲದ ಕಣದಲ್ಲಿ ನನ್ನ ಚಿಗರಿತನ ಹೊರಬೀಳುತ್ತಿತ್ತು. ಒಬ್ಬನನ್ನು ಮುಟ್ಟಿ, ಇನ್ನೊಬ್ಬನನ್ನು ದಾಟಿ, ಮಿಡ್ ಲೈನಿಗೆ ಹಾರಿ ಬೀಳುತ್ತಿದ್ದೆ. ಲೋನಾ! ಮೇಲೆ ಎರಡು ಪಾಯಿಂಟ್! ಸಿಳ್ಳೆಯೋ ಸಿಳ್ಳೆ. ಹಿಡಿದವರಿಗೆ ಸಿಳ್ಳೆ ಹೊಡೆಯುವ ಪದ್ಧತಿ ಆಗ ಇರಲಿಲ್ಲ. ಬಹುಮಾನವೂ ‘ಬೆಸ್ಟ್ ರೈಡರ್’ ಒಂದೇ ಇರುತ್ತಿತ್ತು, ಅದು ನಮ್ಮ ಮನೆಯ ಮಾಡದಲ್ಲಿ ಜಾಗ ಸಾಲದಷ್ಟು ಜಮೆಯಾಗಿತ್ತು. ಲಕ್ಷ್ಮೇಶ್ವರದಲ್ಲಿ ಢಾಲು ಗೆದ್ದಾಗಿನ ಫೋಟೋ ಇನ್ನೂ ಇದೆ. ನಡುವೆ ಢಾಲು ತಬ್ಬಿಕೊಂಡು ನಾನು. ಅಂಚಿನಲ್ಲಿ ಹಮಾಲಣ್ಣನ ಒಂದು ಭುಜ, ಒಂದು ಕಿವಿ. ಉಳಿದದ್ದು ಚೌಕಟ್ಟಿನಾಚೆ.

ಇಂಥ ದಿನಗಳಲ್ಲಿ ಮುಂಡರಗಿ ಕಡೆಯ ಒಂದು ಊರಿನ ಹಿರಿಯರು ಜೀಪು ಮಾಡಿಕೊಂಡು ನಮ್ಮ ಮನೆಗೆ ಬಂದರು. ಅವರೂರಲ್ಲೇ ದೊಡ್ಡ ಪಂದ್ಯಾವಳಿ, ಅವರ ತಂಡಕ್ಕೆ ರೈಡರ್ ಇಲ್ಲ. ಮುನ್ನೂರು ರೂಪಾಯಿ, ಬಸ್ ಚಾರ್ಜು, ನಂಬರ್ ಬರೆದ ಟೀ ಶರ್ಟು, ಮೇಲೆ ಹೋಳಿಗೆ ಊಟ. ನಮ್ಮವ್ವ ಒಳಗಿನಿಂದ ಚಹಾ ಕಳಿಸುವುದರೊಳಗೆ ನಾನು ಹೂಂ ಅಂದಾಗಿತ್ತು. ಅವರಲ್ಲಿ ಒಬ್ಬ ಆಟ ಬಲ್ಲವನಿರಬೇಕು. "ತಮ್ಮಾ, ನಿಮ್ಮ ಆ ಎರಡು ಕಾರ್ನರ್‌ನವ್ರನ್ನೂ ಕರಕೊಂಡು ಬರ್ತೀಯೇನು? ಅವರಿಗೂ ಏನರೆ ಕೊಡೂಣು" ಅಂದ. ನಾನು ಕಾಲ ಮೇಲೆ ಕಾಲು ಹಾಕಿ ಹೇಳಿದೆ: "ಅವರು ಯಾಕ್ರಿ? ಕಾಲು ಹಿಡಿಯೋರಿಗೆ ಯಾವ ಊರಾಗ ಬರ ಐತಿ?"

ಆ ಊರಲ್ಲಿ ಬರ ಇತ್ತು.

ಮೊದಲ ಪಂದ್ಯದಲ್ಲಿ ಎದುರು ತಂಡವೇ ಬಂದಿರಲಿಲ್ಲ, ಹಾಗಾಗಿ ಗೆದ್ದೆವು. ಮೈಕಿನವನು ನನ್ನನ್ನು "ಮುಂಡರಗಿ ಹುಲಿ" ಎಂದು ಬಡ್ತಿ ಕೊಟ್ಟ. ಮಧ್ಯಾಹ್ನ ಹೋಳಿಗೆಯೂ ಆಯಿತು, ತುಪ್ಪ ಹಾಕುವವಳು ‘ಆಟಗಾರ’ ಅಂತ ನನ್ನ ತಾಟಿಗೆ ಎರಡು ಸಲ ಸುರಿದಳು. ರಾತ್ರಿ ಎರಡನೇ ಪಂದ್ಯಕ್ಕೆ ಚೀಟಿ ಎತ್ತಿದರೆ ಎದುರಾಳಿ ಶಿರಹಟ್ಟಿ. ನಮ್ಮ ಓಣಿಯ ತಂಡ, ನಾನಿಲ್ಲದ ನಮ್ಮ ತಂಡ. ನನ್ನ ಜಾಗಕ್ಕೆ ಹತ್ತನೇ ಇಯತ್ತೆ ಫೇಲಾದ ಒಬ್ಬ ಹುಡುಗನನ್ನು ತಂದಿದ್ದರು, ಅವನ ಕಾಲು ಎಷ್ಟು ಸಣ್ಣ ಎಂದರೆ ಚಡ್ಡಿಯ ಒಂದು ಕಾಲಲ್ಲಿ ಎರಡೂ ಹಿಡಿಸುವಂತಿದ್ದವು. ಪಾಪ ಅನ್ನಿಸಿತು.

ಸುಣ್ಣದ ಗೆರೆ ದಾಟಿ ನುಗ್ಗಿದೆ. ಎದುರಿಗೆ ಏಳು ಜನ ಪೂರ್ತಿ ನಿಂತಿದ್ದಾರೆ. ಏಳು ಜನರಿರುವ ಅಂಗಳ ಹೇಗಿರುತ್ತದೆ ಎಂಬುದನ್ನು ನಾನು ಅಷ್ಟು ಗಮನವಿಟ್ಟು ನೋಡಿಯೇ ಇರಲಿಲ್ಲ, ನೋಡುವುದರೊಳಗೆ ಸಾಯುತ್ತಿದ್ದೆನಲ್ಲ. ಎಡಗಾಲು ಬೋನಸ್ ಗೆರೆಗೆ ಚಾಚಿದೆ. ಕೆಳಗೆ ಮೊಣಕಾಲು ಮಡಚಿ ನೆಲ ನೋಡುತ್ತಿದ್ದ ಒಂದು ತಲೆ ಕಂಡಿತು. ಅಷ್ಟೇ ಕಂಡದ್ದು. ಅಡ್ಡಡ್ಡ ಉಗುರಿನ ಹೆಬ್ಬೆರಳು ನನ್ನ ಹರಡಿನ ಮೇಲೆ ಕೂತಿತ್ತು. ಎಷ್ಟೋ ವರ್ಷ ನನ್ನನ್ನು ಎಬ್ಬಿಸಿದ್ದ ಕೈ ಅದು. ಕೆಡವುವಾಗ ಹೇಗಿರುತ್ತದೆಂದು ಅವತ್ತೇ ತಿಳಿದದ್ದು. ಹಮಾಲಣ್ಣ ನನ್ನ ಕಾಲನ್ನು ಎದೆಗವಚಿಕೊಂಡು ಮಲಗಿದಲ್ಲೇ ಹೇಳಿದ: "ಹೋಗು ತಮ್ಮಾ, ಕುಂಡ್ರು. ಎಬ್ಬಿಸಾಕ ಅಲ್ಲಿ ಯಾರರ ಅದಾರೇನು ನೋಡು."

ಹೋಗಿ ಕೂತೆ, ನೋಡಿದೆ. ನಮ್ಮ ಬಲ ಕಾರ್ನರ್‌ನಲ್ಲಿ ಊರಿನ ಒಬ್ಬ ಪ್ರಮುಖರ ಅಳಿಯ ಇದ್ದರು. ರೈಡರ್ ಹತ್ತಿರ ಬಂದರೆ ದಾರಿ ಬಿಡುವಷ್ಟು ಸೌಜನ್ಯ ಅವರದು. ಎಡ ಕಾರ್ನರ್‌ನವನು ಹೊಸ ಪ್ಯಾಂಟು ಹಾಕಿಕೊಂಡು ಬಂದಿದ್ದ, ಮಣ್ಣಿಗೆ ಬೀಳಲು ಮನಸ್ಸಿಲ್ಲ. ಸಣ್ಣ ಕಾಲಿನ ಹುಡುಗ ಬಂದ, ಒಬ್ಬನನ್ನು ಮುಟ್ಟಿದ, ಹೋದ. ಮತ್ತೆ ಬಂದ, ಇನ್ನೊಬ್ಬನನ್ನು ಮುಟ್ಟಿದ. ನಾನು ಬೆಂಚಿನ ಮೇಲೆ ಕೂತು "ಹಿಮ್ಮಡ ನೋಡ್ರಿ! ಹಿಮ್ಮಡ!" ಅಂತ ಒದರಿದೆ. ಅಳಿಯಂದಿರು ಬಗ್ಗಿ ತಮ್ಮ ಹಿಮ್ಮಡ ನೋಡಿಕೊಂಡರು. ಆ ಹೊತ್ತಿಗೆ ಅವರೂ ಔಟು.

ಅಂತೂ ನಮ್ಮವರು ಏಳೂ ಜನ ಸತ್ತರು. ಲೋನಾ ಆದ ಮೇಲೆ ತಂಡಕ್ಕೆ ತಂಡವೇ ಎದ್ದು ಬರಬೇಕೆಂಬುದು ನಿಯಮ. ಹಾಗೆ ನನಗೆ ಜೀವ ಬಂತು. ಹೋದೆ, ಅದೇ ಹೆಬ್ಬೆರಳು, ಬಂದು ಕೂತೆ. ಮತ್ತೆ ಎಲ್ಲರೂ ಸತ್ತರು, ಮತ್ತೆ ಎದ್ದೆ. ಅವತ್ತು ರಾತ್ರಿ ನನಗೆ ಪುನರ್ಜನ್ಮ ಸಿಕ್ಕದ್ದೆಲ್ಲ ಸಾಮೂಹಿಕ ಮರಣದಿಂದಲೇ. ನನ್ನ ಹಿಂದೆ ಕೂತಿದ್ದ ಒಬ್ಬ ಮುದುಕ ಮಗ್ಗುಲಿನವನಿಗೆ ಹೇಳುತ್ತಿದ್ದ: "ಇದೇನು ಚಿಗರಿಯೋ, ಬರೇ ಕುಂದ್ರತೈತಿ." ಅತ್ತ ಮೈಕಿನವನು ಆ ಹುಡುಗನನ್ನು "ಶಿರಹಟ್ಟಿಯ ಹೊಸ ಚಿಗರಿ" ಎಂದು ಕೂಗಲು ಶುರುಮಾಡಿದ್ದ. ಹೆಸರು ನನ್ನ ಕಾಲಿನದಲ್ಲ, ನಮ್ಮ ಬಲ ಕಾರ್ನರ್‌ನವನ ಆಸ್ತಿ. ಯಾರು ಮುಂದೆ ನಿಂತರೆ ಅವರಿಗೆ ಬಾಡಿಗೆಗೆ ಕೊಡುತ್ತಿದ್ದ.

ಮುನ್ನೂರು ರೂಪಾಯಿ ಕೊಡಬೇಕಾದ ಹಿರಿಯರು ಆಟ ಮುಗಿಯುವ ಮೊದಲೇ ಕರೆಂಟ್ ನೋಡಿ ಬರುತ್ತೇನೆಂದು ಹೋದವರು ಬರಲಿಲ್ಲ. ಕೊನೆಯ ಬಸ್ಸು ಹೋಗಿತ್ತು. ಶಿರಹಟ್ಟಿಯವರ ಟ್ರ್ಯಾಕ್ಟರ್ ಟ್ರೇಲರಿನಲ್ಲೇ ಊರಿಗೆ ಬಂದೆ. ಢಾಲು ತಬ್ಬಿಕೊಂಡು ಕೂತಿದ್ದ ಹುಡುಗ ದಾರಿಯುದ್ದಕ್ಕೂ "ಅಣ್ಣಾರ, ಟೆಕ್ನಿಕ್ ಹೇಳಿಕೊಡ್ರಿ" ಅಂದ. ನಾನು ಹೇಳಿಕೊಟ್ಟೆ ಕೂಡ. ಭಾರವನ್ನು ಯಾವ ಕಾಲಿಗೆ ಹಾಕಬೇಕು, ಕಣ್ಣು ಎಲ್ಲಿರಬೇಕು, ಎಲ್ಲ. ಹಮಾಲಣ್ಣ ಕತ್ತಲೆಯಲ್ಲಿ ಕೆಮ್ಮಿದ. ಅದು ಕೆಮ್ಮೋ ನಗುವೋ ಅಂತ ಕಮ್ಮಾರಣ್ಣನನ್ನು ಕೇಳಿದರೆ ಅವನೂ ಕೆಮ್ಮಿದ.

ಇದು ನನ್ನೊಬ್ಬನ ಗ್ರಹಚಾರವಲ್ಲ ಎಂದು ತೋರಿಸಲು ನಾನು ಆಮೇಲೆ ದೇಶ ವಿದೇಶಗಳಿಂದ ಸಾಕ್ಷಿ ಕೂಡಿಹಾಕುತ್ತ ಬಂದಿದ್ದೇನೆ. ನಮ್ಮಕ್ಕನ ಮಗ ಡಲ್ಲಾಸ್‌ನಲ್ಲಿದ್ದಾನೆ. ಅಲ್ಲಿಯ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಅಂತ ಒಬ್ಬನಿರುತ್ತಾನೆ, ಚೆಂಡು ಎಸೆಯುವವನು. ಗೆದ್ದರೂ ಅವನು, ಸೋತರೂ ಅವನು. ಅವನು ಎಸೆಯುವ ತನಕ ಮೈಮೇಲೆ ಯಾರೂ ಬೀಳದಂತೆ ಐದು ದಢೂತಿ ಆಳುಗಳು ಮುಂದೆ ನಿಂತು ತಡೆಯುತ್ತಾರೆ; ಅವರ ಹೆಸರು ಯಾರಿಗೂ ಬೇಕಿಲ್ಲ. ಆರ್ಚಿ ಮ್ಯಾನಿಂಗ್ ಎಂಬವನು ನ್ಯೂ ಆರ್ಲಿಯನ್ಸ್ ತಂಡಕ್ಕೆ ವರ್ಷಗಟ್ಟಲೆ ಆಡಿದ. ಆ ಆಳುಗಳು ಅವನನ್ನು ಉಳಿಸಲಿಲ್ಲ. 1980ರಲ್ಲಿ ಆ ತಂಡ 16ರಲ್ಲಿ 15 ಪಂದ್ಯ ಸೋತಿತು, ಅಭಿಮಾನಿಗಳು ಗುರುತು ಸಿಗಬಾರದೆಂದು ತಲೆಗೆ ಕಾಗದದ ಚೀಲ ಹಾಕಿಕೊಂಡು ಮೈದಾನಕ್ಕೆ ಬಂದರು. ಅವನ ಮಕ್ಕಳಿಬ್ಬರು, ಪೇಟನ್ ಮತ್ತು ಈಲೈ, ಬೇರೆ ತಂಡಗಳಲ್ಲಿ ಅಲ್ಲಿಯ ಫೈನಲ್ ಪಂದ್ಯ ಸೂಪರ್ ಬೌಲ್ ಅನ್ನು ತಲಾ ಎರಡು ಸಲ ಗೆದ್ದರು. ಇದಕ್ಕೆ ಉಲ್ಟಾ ಬಾಲ್ಟಿಮೋರ್ ತಂಡದ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಡಿಲ್ಫರ್. 2001ರ ಜನವರಿಯಲ್ಲಿ ಬಾಲ್ಟಿಮೋರ್ ತಂಡಕ್ಕೆ ಸೂಪರ್ ಬೌಲ್ ಸಿಕ್ಕಿತು. ಆ ತಂಡದ ಹಿಡಿಯುವವರು ಲೀಗ್‌ನ 16 ಪಂದ್ಯಗಳಲ್ಲಿ ಎದುರಿನವರಿಗೆ ಬಿಟ್ಟುಕೊಟ್ಟದ್ದು ಬರೀ 165 ಪಾಯಿಂಟ್. ಕಪ್ ಗೆದ್ದ ಮೇಲೆ ಡಿಲ್ಫರ್‌ನನ್ನೇ ತಂಡದಿಂದ ಕೈಬಿಟ್ಟರು. ಅಲ್ಲಿಯ ಚಹಾದಂಗಡಿಯವರು ಸ್ವಲ್ಪ ಹುಷಾರು ಅಂತ ಕಾಣುತ್ತದೆ. ನಮ್ಮ ಓಣಿಯವರಿಗೆ ಆ ಬುದ್ಧಿ ಇದ್ದಿದ್ದರೆ ಲಕ್ಷ್ಮೇಶ್ವರದ ಢಾಲು ಗೆದ್ದ ಮರುದಿನವೇ ನನ್ನ ಚೀಟಿ ಹರಿಯುತ್ತಿತ್ತು.

ಕ್ರಿಕೆಟ್ಟಿನಲ್ಲೂ ಇದೇ. 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಅನಿಲ್ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದರಲ್ಲ, ಒಂಬತ್ತು ಬಿದ್ದ ಮೇಲೆ ಆ ತುದಿಯಿಂದ ಜಾವಗಲ್ ಶ್ರೀನಾಥ್ ಬೇಕೆಂದೇ ಸ್ಟಂಪಿನಿಂದ ದೂರ ದೂರ ಎಸೆದರು, ಹತ್ತನೆಯದು ತನಗೆ ಬೀಳಬಾರದು ಅಂತ. ವೇಗದ ಬೌಲರ್ ಒಬ್ಬ ವಿಕೆಟ್ ಬೀಳದಂತೆ ಬೌಲ್ ಮಾಡುವ ಕಷ್ಟ ಯಾವ ಅಂಕಿಪಟ್ಟಿಯಲ್ಲೂ ಇಲ್ಲ. ಅಲ್ಲಿರುವುದು ಅವರ ಹೆಸರಿನೆದುರು ಸೊನ್ನೆ. ಇನ್ನು ನಮ್ಮ ಗದಗಿನ ಸುನೀಲ್ ಜೋಶಿ. ಅದೇ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದೆದುರು ಹತ್ತು ಓವರ್, ಆರು ರನ್, ಐದು ವಿಕೆಟ್. ಹುಡುಗನಿದ್ದಾಗ ನಸುಕಿನಲ್ಲಿ ಹುಬ್ಬಳ್ಳಿಗೆ ಹೋಗಿ ಆಡಿ, ಸಾಲಿ ಹೊತ್ತಿಗೆ ಗದಗಿಗೆ ಮರಳುತ್ತಿದ್ದ ಮನುಷ್ಯ. ಕುಂಬ್ಳೆ ಇರುವ ತಂಡದಲ್ಲಿ ಇನ್ನೊಬ್ಬ ಸ್ಪಿನ್ನರ್ ಆಗಿರುವುದು ಎಂದರೆ ಏನೆಂದು ನಮ್ಮ ಚಹಾದಂಗಡಿ ಇವತ್ತಿನವರೆಗೂ ವಿಚಾರಣೆಗೆ ತೆಗೆದುಕೊಂಡಿಲ್ಲ.

ಪರ್ದೀಪ್ ವಿಷಯಕ್ಕೆ ಬಂದರೆ, 2025ರ ಹರಾಜಿನಲ್ಲಿ ಅವನನ್ನು ಯಾರೂ ಕೊಳ್ಳಲಿಲ್ಲ, ನಿವೃತ್ತಿ ಹೇಳಿದ. ಕೋರ್ಟು "ನೋಡ್ರಿ, ನಾವು ಹೇಳಿರಲಿಲ್ಲೇನು" ಅಂದಿತು.

ಅದೇ ಬಿಸಿಯಲ್ಲಿ ಇರಬೇಕು, ಊರಿನ ಹುಡುಗರ ಕಮಿಟಿಗೆ ಬೇಸಿಗೆಯಲ್ಲಿ ಫಕೀರೇಶ್ವರ ಜಾತ್ರೆಯ ಹೊತ್ತಿಗೆ ಹಿರಿಯರದೊಂದು ಪ್ರದರ್ಶನ ಪಂದ್ಯ ಇಡುವ ಹುಕಿ ಬಂತು. ಮೇಲಿನ ಓಣಿ ವಿರುದ್ಧ ಕೆಳಗಿನ ಓಣಿ. ನಾನು ಹಮಾಲಣ್ಣನ ಮನೆಗೆ ಹೋದೆ. ಕಮ್ಮಾರಣ್ಣ ಮಗನ ಜೊತೆ ಗೋವಾ ಸೇರಿದ್ದಾನೆ. ಹಮಾಲಣ್ಣ ಕಟ್ಟೆಯ ಮೇಲೆ ಎಮ್ಮೆಗೆ ಹಿಂಡಿ ಕಲಸುತ್ತ ಕೂತಿದ್ದ. ನನ್ನ ಮಾತು ಪೂರ್ತಿ ಕೇಳಿ ಒಂದೇ ಷರತ್ತು ಹಾಕಿದ: "ಬರ್ತೀನಿ. ಆದ್ರ ಈ ಸಲ ರೈಡ್ ನಾ ಹೋಗಾಂವ. ಕಾಲು ನೀ ಹಿಡಿ."

ಅವನು ರೈಡ್ ಹೋದ. ಜೀವಮಾನದಲ್ಲಿ ಮೊದಲ ಸಲ ಮಿಡ್ ಲೈನ್ ದಾಟಿದವನು, ಅಲ್ಲೂ ಅಭ್ಯಾಸಬಲದಿಂದ ಎದುರಿನವರ ಹಿಮ್ಮಡವನ್ನೇ ನೋಡುತ್ತ ನಿಂತ. ನಾಲ್ಕು ಜನ ಸುತ್ತುವರಿದು ಎತ್ತಿ ಮೆಲ್ಲಗೆ ಕೂರಿಸಿದರು. ಬಂದು ಗೆರೆಯಾಚೆ ಕೂತು ತಂಬಾಕಿನ ಚಂಚಿ ಬಿಚ್ಚಿ "ಎಬ್ಬಸೋ ತಮ್ಮಾ" ಅಂದ.

ನಾನು ಬಲ ಕಾರ್ನರ್‌ನಲ್ಲಿ ಮೊಣಕಾಲು ಮಡಚಿದೆ. ಮಡಚಿದ್ದು ಮಡಚಿದಂತೆಯೇ ಉಳಿಯಿತು. ಎದುರಿನ ರೈಡರ್ ಒಬ್ಬ ನಿವೃತ್ತ ಮಾಸ್ತರು, ಸಕ್ಕರೆ ಕಾಯಿಲೆಯವರು. ಅವರ ಹರಡು ಕೈಗೆ ಸಿಕ್ಕಿತು ಕೂಡ. ನಾನು ಬಿಡಲಿಲ್ಲ ಅನ್ನುವುದು ಎಷ್ಟು ನಿಜವೋ ಅವರು ನಿಲ್ಲಲಿಲ್ಲ ಅನ್ನುವುದೂ ಅಷ್ಟೇ ನಿಜ. ಹೊಟ್ಟೆಯ ಮೇಲೆ ಜಾರುತ್ತ ಮಿಡ್ ಲೈನ್ ತನಕ ಅವರ ಹಿಂದೆ ಹೋದೆ, ಗೆರೆಯ ಸುಣ್ಣವೆಲ್ಲ ಅಂಗಿಗೆ ಬಂತು. ಪಾಯಿಂಟು ಅವರಿಗೆ. ಹಮಾಲಣ್ಣ ಎರಡನೇ ಸಲ ತಂಬಾಕು ತಿಕ್ಕಿದ. ಜನರ ನಡುವಿನಿಂದ ಕಾಲೇಜು ಹುಡುಗನೊಬ್ಬ ಕೂಗಿದ: "ಆ ಅಜ್ಜ ಏನ್ ರೈಡರೋ, ಕುಂತ ಜಾಗಾ ಬಿಟ್ಟ ಏಳವಲ್ಲ!" ನಾನು ಅವನಿಗೆ ಏನೋ ಹೇಳಲು ಬಾಯಿ ತೆಗೆದೆ, ಬಾಯಲ್ಲಿ ಸುಣ್ಣವಿತ್ತು.

ಕೊನೆಗೆ ಮಾಸ್ತರು ನಗುತ್ತ ನಗುತ್ತ ತಾವೇ ಅಂಚಿನ ಗೆರೆ ತುಳಿದರು. ಹತ್ತಿರದಲ್ಲಿ ಬಿದ್ದಿದ್ದವನು ನಾನಾದ್ದರಿಂದ ಸ್ಕೋರ್ ಬರೆಯುವ ಹುಡುಗ ಅದನ್ನು ನನ್ನ ಹೆಸರಿಗೆ ಹಾಕಿದ. ಬಹುಮಾನ ಹಂಚುವಾಗ ಮೈಕಿನಲ್ಲಿ ‘ಬೆಸ್ಟ್ ಕ್ಯಾಚರ್’ ಅಂತ ಕೂಗಿದ್ದು ನನ್ನನ್ನೇ. ಈಗ ಕಾಲ ಬದಲಾಗಿದೆ, ಹಿಡಿಯುವವರಿಗೂ ಬಹುಮಾನವಿದೆ. ಸ್ಟೀಲಿನ ತಂಬಿಗೆ, ಮೇಲೆ ನನ್ನ ಹೆಸರು ದುಂಡಗೆ ಕೊರೆಸಿದ್ದರು. ಪಂದ್ಯ ಮುಗಿದು ಕಾಲು ಗಂಟೆಯಾಗಿಲ್ಲ, ಪಾತ್ರೆ ಅಂಗಡಿ ಮುಚ್ಚಿ ತಾಸಾಗಿತ್ತು. ನಾನು ಪತ್ತಿನ ಸಂಘವೊಂದರಲ್ಲಿ ಕ್ಲರ್ಕ್. ಕಮಿಟಿಯ ಅರ್ಧ ಹುಡುಗರ ಸಾಲದ ಅರ್ಜಿ ನನ್ನ ಟೇಬಲಿನ ಮೇಲಿವೆ ಅನ್ನುವುದು ಆಗ ನೆನಪಾಯಿತು.

ಹಮಾಲಣ್ಣ ಬಂದು ಕೈ ಚಾಚಿದ. "ಕೊಡಿಲ್ಲೆ, ನೀರು ಕುಡೀಬೇಕು." ಕುಡಿದ, ಅಂಗಿಯಿಂದ ಒರೆಸಿದ, ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆದ. ಕೇಳಲು ನನಗೆ ಬಾಯಿ ಬರಲಿಲ್ಲ. ಈಗ ಅವನ ಹೆಂಡತಿ ದಿನಾ ಬೆಳಗ್ಗೆ ಅದೇ ತಂಬಿಗೆಯಲ್ಲಿ ಹಾಲು ಅಳೆದು ಓಣಿಗೆ ಕೊಡುತ್ತಾಳೆ. ಲೀಟರಿಗೆ ಒಂದು ಗುಟುಕು ಕಮ್ಮಿ ಹಿಡಿಯುತ್ತದಂತೆ. ಕೊಂಡವರು ತಂಬಿಗೆ ತಿರುಗಿಸಿ ಹೆಸರು ಓದಿ, ಸಂಘಕ್ಕೆ ಬಂದು ನನ್ನ ಕೌಂಟರಿನ ಮುಂದೆ ನಿಂತು ಕೇಳುತ್ತಾರೆ: "ಏನ್ರೀ ಸರ, ಅಳತಿ ಹಿಂಗ ಹೊಡದ್ರ ಹೆಂಗ?"